ಆರನೆಯ ಕಾರ್ವೆನ್ ಮತ್ತು ನಲ್ಲೂರಹಳ್ಳಿ ಅಂಬರೀಶ

ನಲ್ಲೂರಹಳ್ಳಿ ಅಂಬರೀಶನಿಗೆ ಎಲ್ಲಿ ಕೆಲಸ ಎಂದು ಯಾರಾದರೂ ಕೇಳಿದರೆ ಅವನ ತಾಯಿ ಅನುಸೂಯಮ್ಮ ಮೊದಲು ಒಂದು ನಿಟ್ಟುಸಿರು ಬಿಡುತ್ತಿದ್ದರು. "ಆಟ ಆಡ್ತಾನೆ ಕಣಮ್ಮ. ಇಂಗೆ ಕೂತ್ಕಂಡು ಆಟ ಆಡಾಕೆ ತಿಂಗ್ಳಾ ತಿಂಗ್ಳಾ ಸಂಬ್ಳ ಕೊಡ್ತಾರಂತೆ," ಅನ್ನುತ್ತಿದ್ದರು. ಹೆಮ್ಮೆಯೋ ನಾಚಿಕೆಯೋ ಅವರಿಗೇ ತಿಳಿಯದು.

ಆಡುವುದೇನೋ ನಿಜ. ಒಂದೇ ಗೋಡೆಗೆ ನಾನೂರು ಸಲ ಡಿಕ್ಕಿ ಹೊಡೆದು, ನಾನೂರ ಒಂದನೆಯ ಸಲವಾದರೂ ಅದು ಬಿರುಕು ಬಿಡುತ್ತದೆಯೋ ಎಂದು ಕಾಯುವುದನ್ನು ಆಟ ಅನ್ನುವುದಾದರೆ ಅಂಬರೀಶ ಹನ್ನೊಂದು ವರ್ಷದಿಂದ ಆಡುತ್ತಲೇ ಇದ್ದ. ವೈಟ್‌ಫೀಲ್ಡಿನ ಒಂದು ಟೆಕ್ ಪಾರ್ಕಿನ ಆರನೇ ಮಹಡಿಯಲ್ಲಿ ಅವನ ಕಂಪನಿ. ಹೊರದೇಶದವರು ತಯಾರಿಸಿದ ವಿಡಿಯೋ ಗೇಮುಗಳು ಅಂಗಡಿಗೆ ಹೋಗುವ ಮುಂಚೆ ಅಲ್ಲಿಗೆ ಬರುತ್ತಿದ್ದವು. ಎಲ್ಲಿ ಕೆಡುತ್ತದೆ, ಎಲ್ಲಿ ನಿಂತುಹೋಗುತ್ತದೆ, ಎಲ್ಲಿ ವೀರನ ಕಾಲು ನೆಲದೊಳಗೆ ಹೂತುಹೋಗುತ್ತದೆ ಎಂದು ಹುಡುಕಿ ರಿಪೋರ್ಟ್ ಬರೆಯುವುದು ಟೆಸ್ಟರುಗಳ ಕೆಲಸ. ಗೇಮು ಚೆನ್ನಾಗಿದೆಯೋ ಇಲ್ಲವೋ ಎಂದು ಬರೆಯುವ ಹಾಗಿಲ್ಲ. ಅದನ್ನು ಅವರಿಂದ ಕೇಳಿದವರೂ ಇಲ್ಲ.

ಅದಕ್ಕೂ ಮುಂಚೆ ಅವನದು ಕಾಡುಗೋಡಿಯಲ್ಲಿ ನಾಲ್ಕು ಟೀವಿ ಇಟ್ಟುಕೊಂಡ ಸಣ್ಣ ಗೇಮ್ ಅಂಗಡಿ. ಡಿಗ್ರಿ ಮುಗಿಸಲಿಲ್ಲ. ಊರಿನ ಜಮೀನು ಅವನ ಅಪ್ಪನ ಕಾಲಕ್ಕೇ ಕಂಪನಿಗಳ ಕಾಂಪೌಂಡು ಗೋಡೆಗಳ ಒಳಗೆ ಸೇರಿಹೋಗಿತ್ತು. ೨೦೦೩ರಲ್ಲಿ ಈ ಕಂಪನಿ ಬಂದು "ಡಿಗ್ರಿ ಬೇಡ, ಕೈ ಓಡಬೇಕು" ಅಂದಾಗ ಅಂಬರೀಶ ಅಂಗಡಿಯ ಬಾಗಿಲು ಎಳೆದು ಬಂದುಬಿಟ್ಟ. ಮೊದಲ ದಿನವೇ ಅವನ ಕೈಗೆ ಕೊಟ್ಟದ್ದು ಕಾರ್ವೆನ್.

ಕಾರ್ವೆನ್ ಅನ್ನುವುದು ಆ ಗೇಮಿನ ಹೆಸರೂ ಹೌದು, ಅದರ ವೀರನ ಹೆಸರೂ ಹೌದು. ಎರಡು ಕೈಗೂ ಕೊಕ್ಕೆ, ತೋಳಿಗೊಂದು ಗುರಾಣಿ, ಮಾತು ಕಡಿಮೆ. ಕೊಕ್ಕೆ ಬೀಸಿ ಬುರುಜಿನಿಂದ ಬುರುಜಿಗೆ ನೆಗೆಯುವುದು, ಕೆಳಗಿರುವವರನ್ನು ಚಚ್ಚುವುದು, ಮತ್ತೆ ನೆಗೆಯುವುದು. ಅಷ್ಟೇ ಅವನ ಬಾಳು. ಗುರಾಣಿ ಎತ್ತದೆ ನೆಗೆದರೆ ಬಾಣ ನೇರ ಎದೆಗೇ ಬರುತ್ತಿತ್ತು. ಹಾಗಾಗಿ ಎಡಗೈ ತೋರುಬೆರಳಿನಿಂದ ಗುರಾಣಿಯ ಬಟನ್ ಒಮ್ಮೆ ಮುಟ್ಟಿ, ಆಮೇಲೆ ಬಲ ಹೆಬ್ಬೆರಳಿನಿಂದ ನೆಗೆಯುವುದನ್ನು ಆಡುವವರೆಲ್ಲ ಕಲಿತರು; ಮೆಟ್ಟಿಲು ಹತ್ತುವಾಗ, ಬಾಗಿಲು ದಾಟುವಾಗಲೂ ಬೆರಳು ಆ ಬಟನ್ ಮುಟ್ಟುತ್ತಿತ್ತು. ಅಂಬರೀಶ ತನ್ನ ಕೈಕೆಳಗೆ ಬಂದ ಟೆಸ್ಟರುಗಳಿಗೆಲ್ಲ ಮೊದಲ ದಿನ ಕಲಿಸುತ್ತಿದ್ದುದೂ ಅದನ್ನೇ.

ಮೂರು ಭಾಗಗಳು ಲೋಕವೆಲ್ಲ ಓಡಿದವು. ಆಮೇಲೆ, ಚೆನ್ನಾಗಿ ಓಡುತ್ತಿರುವುದನ್ನು ಯಾರೂ ಸುಮ್ಮನೆ ಬಿಡುವುದಿಲ್ಲವಲ್ಲ, ತಯಾರಕರಿಗೆ ಕೈ ತುರಿಸಲು ಶುರುವಾಯಿತು. ನಾಲ್ಕನೆಯದರಲ್ಲಿ ಕೊಕ್ಕೆ ಕಿತ್ತುಕೊಂಡು ಬಂದೂಕು ಕೊಟ್ಟರು. ಹಳಬರು ಬಾಯಿಗೆ ಬಂದಂತೆ ಉಗಿದರು. ಐದನೆಯದರಲ್ಲಿ ಕೊಕ್ಕೆ ವಾಪಸ್ ಕೊಟ್ಟು ಜೊತೆಗೊಬ್ಬ ಗೆಳೆಯನನ್ನು ಅಂಟಿಸಿದರು. ಆ ಮಹಾರಾಯ ಬಾಗಿಲು ಸಿಕ್ಕಿದಲ್ಲೆಲ್ಲ ಅಡ್ಡ ನಿಂತು ಕಾರ್ವೆನ್ನನನ್ನು ಹೊರಗೆ ಬಿಡುತ್ತಿರಲಿಲ್ಲ. ಅದೊಂದರ ಮೇಲೆಯೇ ಅಂಬರೀಶ ಇನ್ನೂರ ಹನ್ನೆರಡು ರಿಪೋರ್ಟ್ ಬರೆದ. ಹೊಸ ರೂಪ ಅಂದುಕೊಂಡು ಬಂದದ್ದು ಪ್ರತಿಸಲವೂ ಅರ್ಧ ಬೆಂದ ಅನ್ನದ ಹಾಗೆ ಇರುತ್ತಿತ್ತು. ತಿನ್ನಲೂ ಆಗದು, ಚೆಲ್ಲಲೂ ಆಗದು.

೨೦೧೪ರ ಜನವರಿಯಲ್ಲಿ ಆರನೆಯದು ಬಂತು. ಈ ಸಲ ಬುಡದಿಂದಲೇ ಬದಲು. ಕಾರ್ವೆನ್ನನಿಗೆ ವಯಸ್ಸಾಗಿದೆ. ಕೊಕ್ಕೆಗಳನ್ನು ಎಲ್ಲೋ ಹೂತಿಟ್ಟಿದ್ದಾನೆ. ದೊಡ್ಡದೊಂದು ನದಿಯಲ್ಲಿ ದೋಣಿ ನಡೆಸುತ್ತಾನೆ, ಜನರನ್ನು ಈ ದಡದಿಂದ ಆ ದಡಕ್ಕೆ ದಾಟಿಸುತ್ತಾನೆ, ಅವರ ಕಷ್ಟಸುಖ ಕೇಳುತ್ತಾನೆ. ಮೊದಲ ಒಂದು ಗಂಟೆ ಹೊಡೆದಾಟವೇ ಇಲ್ಲ. ಗುರಾಣಿಯ ಬಟನ್ ಒತ್ತಿದರೆ ಈಗ ಗುರಾಣಿಯ ಬದಲು ಕಂದೀಲು ಮೇಲೇಳುತ್ತದೆ. ನೆಗೆತ ಉಳಿದಿರುವುದು ಒಂದೇ ಕಡೆ, ದೋಣಿಯಿಂದ ದಡದ ಹಲಗೆಕಟ್ಟೆಗೆ.

"ಇದು ಕಾರ್ವೆನ್ ಅಲ್ಲ ಗುರು," ಅಂಬರೀಶ ಕ್ಯಾಂಟೀನಿನಲ್ಲಿ ತನ್ನ ಟೀಮಿನವರ ಮುಂದೆ ತಟ್ಟೆ ತಳ್ಳಿ ಹೇಳಿದ. "ಇದ್ಯಾರೋ ಅವ್ರ ತಾತನ್ನ ಕರ್ಕೊಂಡ್ಬಂದು ಕೂರ್ಸಿದಾರೆ."

ಅಭಿಪ್ರಾಯ ಬರೆಯುವ ಹಾಗಿಲ್ಲವಲ್ಲ, ಅವನು ಅದನ್ನೇ ದೋಷದ ವೇಷ ಹಾಕಿಸಿ ಕಳಿಸಿದ. "ಕೊಕ್ಕೆಗಳು ಕಾಣೆಯಾಗಿವೆ" ಎಂದು ಒಂದು ರಿಪೋರ್ಟ್. "ಒಂದು ಗಂಟೆಯಾದರೂ ಶತ್ರುಗಳು ಬರುತ್ತಿಲ್ಲ" ಎಂದು ಇನ್ನೊಂದು. ಕ್ಲೈಂಟ್ ಕಡೆಯವರು, ಅಂದರೆ ಗೇಮಿನ ತಯಾರಕರು, ಎರಡನ್ನೂ "ಬೇಕೆಂದೇ ಹೀಗೆ ಮಾಡಿದ್ದು" ಎಂದು ಬರೆದು ಮುಚ್ಚಿದರು. ಅವನ ಮ್ಯಾನೇಜರ್ ಪ್ರಿಯಾಂಕಾ ಕರೆದು, "ಅಂಬರೀಶ್, ಪ್ಲೀಸ್, ಇನ್ನೊಂದ್ಸಲ ಇಂಥದ್ದು ಕಳಿಸ್ಬೇಡಿ. ಕಾಲ್‌ನಲ್ಲಿ ನಕ್ಕರು," ಅಂದಳು. ಅವನಿಗಿಂತ ಆರು ವರ್ಷ ಚಿಕ್ಕವಳು, ಕೆಟ್ಟವಳೇನಲ್ಲ. ಮೀಟಿಂಗುಗಳಲ್ಲಿ ಮಾತಾಡಿ ಮಾತಾಡಿ ಅವಳ ದನಿ ಯಾವಾಗಲೂ ಒಡೆದಿರುತ್ತಿತ್ತು. ಆ ನಗು ಅಂಬರೀಶನಿಗೆ ಬಹಳ ದಿನ ಚುಚ್ಚಿತು. ಮೂವತ್ತೇಳು ವಯಸ್ಸು, ಮಹಡಿಗೆಲ್ಲ ಅವನೇ ಹಿರಿಯ. ಕಾರ್ವೆನ್ನನನ್ನು ಬಲ್ಲವನು ಅನ್ನುವುದೊಂದು ಬಿಟ್ಟರೆ ಅವನ ಹತ್ತಿರ ಬೇರೆ ಬಂಡವಾಳವಿರಲಿಲ್ಲ.

ಕ್ಲೈಂಟಿನದು ಇನ್ನೊಂದು ಬೇಡಿಕೆಯಿತ್ತು. ಈ ಗೇಮು ಹೊಸ ಜನರಿಗಾಗಿ; ಆದ್ದರಿಂದ ಒಮ್ಮೆಯೂ ಗೇಮ್ ಆಡದ ಮೂವರನ್ನು ಟೆಸ್ಟರುಗಳಾಗಿ ತಗೊಳ್ಳಿ, ಅವರಿಗೆ ಆಡುವುದನ್ನು ಯಾರೂ ಕಲಿಸಬೇಡಿ ಎಂದರು. ಬಂದ ಮೂವರಲ್ಲಿ ಇಬ್ಬರು ತಿಂಗಳೊಪ್ಪತ್ತಿನಲ್ಲೇ ಕಾಲ್ ಸೆಂಟರಿಗೆ ಹಾರಿದರು. ಉಳಿದವಳು ಶಾಂಭವಿ.

ಶಾಂಭವಿ ಇಂಡಿ ತಾಲೂಕಿನವಳು, ಮೂವತ್ತನಾಲ್ಕು ವಯಸ್ಸು. ಗಂಡನ ಜೊತೆ ಲಗ್ಗೆರೆಯಲ್ಲಿ ಒಂದು ಕೋಣೆಯ ಬಾಡಿಗೆ ಮನೆ. ಪೀಣ್ಯದ ಒಂದು ಪಂಪಿನ ಕಾರ್ಖಾನೆಯಲ್ಲಿ ಒಂಬತ್ತು ವರ್ಷ ತಪಾಸಣೆ ಮೇಜಿನಲ್ಲಿ ಕೂತಿದ್ದವಳು. ಕಾರ್ಖಾನೆ ತುಮಕೂರಿನ ಕಡೆಗೆ ಹೋದಾಗ ಇವಳ ಕೆಲಸ ಹೋಯಿತು. ಬೆಳಿಗ್ಗೆ ಆರಕ್ಕೆ ಲಗ್ಗೆರೆಯಲ್ಲಿ ಬಸ್ಸು ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಇಳಿದು ಇನ್ನೊಂದು ಹಿಡಿದು, ಎಂಟೂವರೆಗೆ ವೈಟ್‌ಫೀಲ್ಡ್ ಸೇರುತ್ತಿದ್ದಳು. ಆಟದ ಬಟನ್ನುಗಳಿರುವ ಕಂಟ್ರೋಲರನ್ನು ಮೊದಲ ವಾರ ತಲೆಕೆಳಗು ಹಿಡಿದಳು. ಆದರೆ ಕಣ್ಣು ಬಲು ಚುರುಕು. ಒಂಬತ್ತು ವರ್ಷ ಕಬ್ಬಿಣದಲ್ಲಿ ಕೂದಲೆಳೆಯ ಬಿರುಕು ಹುಡುಕಿದ ಕಣ್ಣು.

ಆರು ತಿಂಗಳ ಪ್ರೊಬೇಷನ್ ಮುಗಿದ ಮೇಲೆ ಅವಳ ಕೆಲಸ ಕಾಯಂ ಆಗಬೇಕು. ಅದಕ್ಕೊಂದು ಲೆಕ್ಕವಿತ್ತು. ಟೆಸ್ಟರ್ ಬರೆದ ರಿಪೋರ್ಟನ್ನು ಟೀಮಿನ ಲೀಡ್, ಅಂದರೆ ಅಂಬರೀಶ, ತನ್ನ ಕೈಯಿಂದ ಹತ್ತು ಸಲ ಆಡಿ ನೋಡಬೇಕು. ಒಮ್ಮೆಯಾದರೂ ದೋಷ ಬಂದರೆ ಕ್ಲೈಂಟಿಗೆ ಹೋಗುತ್ತದೆ. ಬರದಿದ್ದರೆ ವಾಪಸ್. ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ವಾಪಸಾದರೆ ಕಾಯಂ ಇಲ್ಲ. ಈ ನಿಯಮ ಮಾಡಿದವನು ಅಂಬರೀಶನೇ. ಮೂರನೆಯ ಭಾಗದ ಕಾಲಕ್ಕೆ ಸುಳ್ಳು ರಿಪೋರ್ಟುಗಳು ರಾಶಿ ಬಿದ್ದು ಕ್ಲೈಂಟ್ ಕೂಗಾಡಿದಾಗ, "ನನ್ ಕೈಲಿ ಬಂದ್ರೆ ಮಾತ್ರ ಬಗ್ಗು, ಇಲ್ದಿದ್ರೆ ದೋಷಾನೇ ಅಲ್ಲ" ಅಂದಿದ್ದ. ಅಂದಿನಿಂದ ಆರನೇ ಮಹಡಿಯಲ್ಲಿ ಅದೇ ಕಾನೂನು. ಶಾಂಭವಿಯ ಅನ್ನ ಅವನ ಎರಡು ಕೈಗಳಲ್ಲಿತ್ತು ಅನ್ನುವುದು ಬರೀ ಮಾತಿಗೆ ಹೇಳಿದ್ದಲ್ಲ.

ಎರಡನೇ ತಿಂಗಳಲ್ಲಿ ಅವಳು ಬರೆದಳು: ದೋಣಿಯಿಂದ ಹಲಗೆಕಟ್ಟೆಗೆ ನೆಗೆದಾಗ ಕಾರ್ವೆನ್ ಹಲಗೆಯ ಮೂಲಕ ಕೆಳಗೆ ಬೀಳುತ್ತಾನೆ. ನೀರಿಗೂ ಬೀಳುವುದಿಲ್ಲ, ನೀರಿನ ಕೆಳಗೆ, ನೆಲದ ಕೆಳಗೆ, ಏನೂ ಇಲ್ಲದ ಬೂದು ಬಣ್ಣದಲ್ಲಿ ಬೀಳುತ್ತಲೇ ಇರುತ್ತಾನೆ.

ಅಂಬರೀಶ ಅವಳ ಸೀಟಿಗೆ ಬಂದ. "ತೋರ್ಸಿ."

ಅವಳು ನೆಗೆಸಿದಳು. ಕಾರ್ವೆನ್ ಬಿದ್ದ. ಕೈಕಾಲು ಚಾಚಿಕೊಂಡು, ಸೊಂಟದ ಕಂದೀಲು ಸಮೇತ, ತಳವಿಲ್ಲದ ಬೂದುಬಣ್ಣಕ್ಕೆ.

"ಕೊಡಿ ಇಲ್ಲಿ." ಅಂಬರೀಶ ಕಂಟ್ರೋಲರ್ ತಗೊಂಡು ನೆಗೆಸಿದ. ಕಾರ್ವೆನ್ ಹಲಗೆಯ ಮೇಲೆ ಸರಿಯಾಗಿ ನಿಂತ. ಮತ್ತೆ ನೆಗೆಸಿದ, ನಿಂತ. ಹತ್ತು ಸಲವೂ ನಿಂತ.

"ನೋಡಿದ್ರಾ? ನೀವು ಆತುರಕ್ಕೆ ಬೇರೆ ಏನೋ ಒತ್ತುತಿದೀರಾ ಕಣ್ರೀ. ಕೈ ಇನ್ನೂ ಕೂತಿಲ್ಲ ನಿಮ್ಗೆ."

"ಇಲ್ರಿ ಸರ್, ನಾ ಒಂದ ಬಟನ್ ಒತ್ತೀನ್ರಿ. ನೀವ ನೋಡಿದ್ರೆಲ್ಲ, ಬಿದ್ದನಲ್ಲ ಅಂವಾ."

"ನನ್ ಕೈಲಿ ಬೀಳ್ಲಿಲ್ವಲ್ಲ."

ರಿಪೋರ್ಟ್ ವಾಪಸಾಯಿತು. ಟೀಮಿನ ಉಳಿದ ಐವರನ್ನೂ ಕರೆದು ಆಡಿಸಿದ; ಅವರ ಕೈಯಲ್ಲೂ ಕಾರ್ವೆನ್ ಬೀಳಲಿಲ್ಲ. ಅವರಿಗೆಲ್ಲ ಕೈ ಹಿಡಿದು ಕಲಿಸಿದವನು ಅವನೇ ಅನ್ನುವುದು ಆಗ ಯಾರ ತಲೆಗೂ ಹೊಳೆಯಲಿಲ್ಲ. ಶಾಂಭವಿ ಏಪ್ರಿಲಿನಲ್ಲಿ ಅದನ್ನೇ ಮತ್ತೊಮ್ಮೆ ಬರೆದಳು, ಮೇ ತಿಂಗಳಲ್ಲಿ ಇನ್ನೊಮ್ಮೆ. ಬೇರೆ ಕಡೆಯೂ ಅವಳಿಗೆ ಅಂಥವೇ ಸಿಗುತ್ತಿದ್ದವು: ಮೆಟ್ಟಿಲು ಹತ್ತುವಾಗ ಕಾರ್ವೆನ್ ಗೋಡೆಯೊಳಗೆ ಹೊಕ್ಕ, ಬಾಗಿಲು ದಾಟುವಾಗ ಗಾಳಿಯಲ್ಲಿ ನಿಂತುಬಿಟ್ಟ. ಅಂಬರೀಶನ ಕೈಗೆ ಒಂದೂ ಬರುತ್ತಿರಲಿಲ್ಲ. ಎಲ್ಲ ವಾಪಸ್. ಕ್ಯಾಂಟೀನಿನಲ್ಲಿ ಒಬ್ಬ "ಮೇಡಂ ಆಡಿದ್ರೆ ಭೂಮೀನೇ ಬಾಯಿ ಬಿಡತ್ತೆ" ಅಂದ. ಎಲ್ಲರೂ ನಕ್ಕರು. ಅಂಬರೀಶನೂ ನಕ್ಕ. ಶಾಂಭವಿ ತಲೆ ತಗ್ಗಿಸಿಕೊಂಡು ತಾನು ತಂದ ರೊಟ್ಟಿ ಮುರಿಯುತ್ತಿದ್ದಳು.

ಮೇ ಕೊನೆಗೆ ತಯಾರಕರು ಆರನೆಯ ಕಾರ್ವೆನ್ನಿನ ಒಂದು ತುಣುಕನ್ನು ಜನರಿಗೆ ತೋರಿಸಿದರು. ಬಂದ ಮಾತು ಎರಡು ಹೋಳು. ನದಿ ಚೆನ್ನಾಗಿದೆ, ಸಂಜೆಯ ಬೆಳಕು ಚೆನ್ನಾಗಿದೆ, ಇಷ್ಟು ವರ್ಷಕ್ಕೆ ಇವನು ಮನುಷ್ಯನಾದ ಎಂದು ಕೆಲವರು. ನಮ್ಮ ಕಾರ್ವೆನ್ನನನ್ನು ಕೊಂದಿರಿ, ದೋಣಿ ನಡೆಸಲು ನಮಗೇನು ಬೇರೆ ಕೆಲಸವಿಲ್ಲವೇ ಎಂದು ಉಳಿದವರು. ಅಂಬರೀಶ ಬೈದವರ ಮಾತುಗಳನ್ನಷ್ಟೇ ಹುಡುಕಿ ಹುಡುಕಿ ಓದಿದ. ಓದುತ್ತ ಒಂದು ಬಗೆಯ ಸುಖ, ಹಿಂದೆಯೇ ದಣಿವು. ಹನ್ನೊಂದು ವರ್ಷ ಒಬ್ಬನ ಜೊತೆ ಬಾಳಿ ಕೊನೆಗೆ ಅವನ ಮೇಲಿನ ಚಾಡಿ ಓದಿಕೊಂಡು ಕೂತಂತಾಯಿತು. ಇತ್ತ ಕ್ಲೈಂಟಿನಿಂದ ಪ್ರಿಯಾಂಕಾಗೆ ಸಂದೇಶ ಬಂತು: ಜನರ ಮಾತು ಎರಡು ಹೋಳಾದ ಮೇಲೆ ಖರ್ಚಿಗೆ ಕೈ ಬಿಗಿ ಹಿಡಿಯಬೇಕಾಗುತ್ತದೆ, ಜುಲೈನಿಂದ ಟೀಮಿನಲ್ಲಿ ಆರು ಜನ ಸಾಕು. ಇದ್ದವರು ಏಳು. ಪ್ರೊಬೇಷನ್ನಿನಲ್ಲಿದ್ದವಳು ಒಬ್ಬಳೇ. ಅವಳ ರಿಪೋರ್ಟುಗಳಲ್ಲಿ ಅರ್ಧಕ್ಕರ್ಧ ವಾಪಸ್. ಯೋಚಿಸುವುದಕ್ಕೇನೂ ಉಳಿದಿರಲಿಲ್ಲ. ಶುಕ್ರವಾರ ಅವಳಿಗೆ ಕೆಲಸದಿಂದ ತೆಗೆಯುವ ಪತ್ರ ಕೊಡುವುದೆಂದಾಯಿತು.

ಅದೇ ವಾರದ ಮಂಗಳವಾರ ಬೆಳಿಗ್ಗೆ ಅಂಬರೀಶ ಮನೆಯ ಕಬ್ಬಿಣದ ಗೇಟು ಎಳೆಯುವಾಗ ಎಡಗೈ ತೋರುಬೆರಳು ಸಂದಿಗೆ ಸಿಕ್ಕಿಕೊಂಡಿತು. ಉಗುರು ಹೋಯಿತು, ಎರಡು ಹೊಲಿಗೆ ಬಿತ್ತು. ಡಾಕ್ಟರು ಬೆರಳಿಗೆ ಪಟ್ಟಿ ಕಟ್ಟಿ ಮೂರು ವಾರ ಮಡಿಸಬೇಡ ಅಂದರು. ರಜೆ ಹಾಕಬಹುದಿತ್ತು. ಮನೆಯಲ್ಲಿ ಕೂತರೆ ಅನುಸೂಯಮ್ಮನ ಮಾತು ಕೇಳಬೇಕಲ್ಲ ಎಂದು ಬುಧವಾರ ಆಫೀಸಿಗೆ ಬಂದ.

ಮಧ್ಯಾಹ್ನ ಊಟವಾದ ಮೇಲೆ ಸುಮ್ಮನೆ ಕಂಟ್ರೋಲರ್ ಹಿಡಿದ. ಪಟ್ಟಿ ಕಟ್ಟಿದ ಬೆರಳು ಕಡ್ಡಿಯಂತೆ ಮುಂದಕ್ಕೆ ಚಾಚಿತ್ತು. ದೋಣಿಯನ್ನು ಕಟ್ಟೆಗೆ ತಂದ. ಹೆಬ್ಬೆರಳಿನಿಂದ ನೆಗೆಸಿದ.

ಕಾರ್ವೆನ್ ಬಿದ್ದ.

ಹಲಗೆ ಕಣ್ಣಿಗೆ ಕಾಣುತ್ತಿದೆ, ಕಾಲಿಗೆ ಸಿಗಲಿಲ್ಲ. ಬೂದುಬಣ್ಣದೊಳಗೆ ಸಣ್ಣಗಾಗುತ್ತ ಸಣ್ಣಗಾಗುತ್ತ ಹೋದ. ಅಂಬರೀಶ ಇನ್ನೊಮ್ಮೆ ನೆಗೆಸಿದ. ಮತ್ತೆ ಬಿದ್ದ. ಐದನೆಯ ಸಲಕ್ಕೆ ಅನುಮಾನ ಬಂದು, ನಡುಬೆರಳಿನಿಂದ ಗುರಾಣಿಯ ಹಳೆಯ ಬಟನ್ ಮುಟ್ಟಿ ನೆಗೆಸಿದ; ಕಾರ್ವೆನ್ ನಿಂತ, ಅವನಿಗೆ ಅರ್ಥವಾಯಿತು. ಕಂದೀಲು ಎತ್ತಿದರೆ ಮಾತ್ರ ಆ ಹಲಗೆ ಗಟ್ಟಿಯಾಗುತ್ತದೆ. ಎತ್ತದೆ ನೆಗೆದರೆ ಅದು ಬರೀ ಚಿತ್ರ. ಹೊಸದಾಗಿ ಆಡುವವರು ಯಾಕೆ ಕಂದೀಲು ಎತ್ತುತ್ತಾರೆ? ಅಲ್ಲಿ ಹಾಡುಹಗಲು. ಎತ್ತುವವರು ಅಂಬರೀಶ ಮತ್ತು ಅವನು ಕಲಿಸಿದವರಷ್ಟೇ. ನೆಗೆಯುವ ಮುಂಚೆ ಗುರಾಣಿಯ ಬಟನ್ ಮುಟ್ಟು ಎಂದು ಹನ್ನೊಂದು ವರ್ಷ ರೂಢಿಯಾದ ಬೆರಳು, ಗುರಾಣಿ ಹೋಗಿ ಕಂದೀಲು ಬಂದದ್ದು ತಿಳಿಯದೆ, ಇವನನ್ನೂ ಕೇಳದೆ, ಪ್ರತಿಸಲವೂ ಮುಟ್ಟಿಬಿಡುತ್ತಿತ್ತು.

ಕೂಗಿದರೆ ಕೇಳುವಷ್ಟು ದೂರದಲ್ಲಿ ಶಾಂಭವಿ ಕೂತಿದ್ದಳು. ಕರೆದು ಹೇಳಬಹುದಿತ್ತು. ಎದ್ದು ನಿಂತದ್ದೂ ಹೌದು, ನೀರು ಕುಡಿದು ವಾಪಸ್ ಬಂದು ಕೂತದ್ದೂ ಹೌದು.

ಇಂಥ ಕಡೆಯೇ ನೋಡಿ ಮನುಷ್ಯ ಜಾರುವುದು. ರಿಪೋರ್ಟ್ ಕಳಿಸುವುದಕ್ಕೆ ಎರಡು ದಾರಿ. ಶಾಂಭವಿಯ ಹಳೆಯದನ್ನೇ ಮತ್ತೆ ತೆರೆಯಬಹುದು. ಹಾಗೆ ಮಾಡಿದರೆ ಮುಚ್ಚಿದವರು ಯಾರು, ಎಷ್ಟು ಸಲ ಮುಚ್ಚಿದರು ಅನ್ನುವುದು ಮೇಲೆಯೇ ಕಾಣುತ್ತದೆ. ಇಲ್ಲವೇ ಹೊಸದೊಂದು ಬರೆಯಬಹುದು. ಅದರಲ್ಲಿ ಬರೆದವನ ಹೆಸರು ಬಿಟ್ಟರೆ ಏನೂ ಕಾಣುವುದಿಲ್ಲ. ಮೊದಲು ಗೇಮು ಸರಿಯಾಗಲಿ, ಉಳಿದದ್ದು ನಾಳೆ ಹೇಳಿದರಾಯಿತು ಎಂದುಕೊಂಡು ಅಂಬರೀಶ ಹೊಸದೊಂದು ಬರೆದ. ಒಳ್ಳೆಯವನೇ. ಆದರೆ ಆ ದಿನ ಅವನು ಮಾಡಿದ್ದು ಕಳ್ಳತನ. ಅದಕ್ಕೆ ಬೇರೆ ಹೆಸರು ಕೊಡುವುದು ಬೇಡ.

ಗುರುವಾರ ಬೆಳಿಗ್ಗೆಗೆ ಕ್ಲೈಂಟಿನಿಂದ ಹೊಗಳಿಕೆ ಬಂತು. ಬಿಡುಗಡೆಯಾದ ಮೇಲೆ ಇದು ಹೊರಬಿದ್ದಿದ್ದರೆ ಲೋಕವೇ ನಗುತ್ತಿತ್ತು, ಇಂಥದ್ದನ್ನು ಕಾರ್ವೆನ್ನಿನ ಹಳೆಯ ಕೈಯಷ್ಟೇ ಹಿಡಿಯಬಲ್ಲದು ಎಂದು ಬರೆದಿದ್ದರು. ಪ್ರಿಯಾಂಕಾ ಅದನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದಿದಳು. ಸಮೋಸ ತರಿಸಿದಳು. ಅಂಬರೀಶ ಒಂದು ಸಮೋಸವನ್ನು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ, ತಿನ್ನಲಾಗಲಿಲ್ಲ. ಹೇಳಬೇಕಾದ ನಾಳೆ ಅದೇ ಆಗಿತ್ತು. ಹಾಗೆಯೇ ಕಳೆದುಹೋಯಿತು.

ಶುಕ್ರವಾರ ಮೂರು ಗಂಟೆಗೆ ಪ್ರಿಯಾಂಕಾ ಶಾಂಭವಿಯನ್ನು ಒಳಗೆ ಕರೆದಳು. ಹತ್ತು ನಿಮಿಷದ ಮೇಲೆ ಶಾಂಭವಿ ಒಂದು ಉದ್ದನೆಯ ಲಕೋಟೆ ಹಿಡಿದು ಹೊರಗೆ ಬಂದಳು. ಸೀಟಿಗೆ ಹೋಗಿ ತನ್ನ ನೀರಿನ ಬಾಟಲಿ, ಟಿಫಿನ್ ಡಬ್ಬಿ, ಬರೆದುಕೊಳ್ಳುತ್ತಿದ್ದ ನೋಟುಬುಕ್ಕು ಬ್ಯಾಗಿಗೆ ಹಾಕಿದಳು. ಆಮೇಲೆ ನೇರ ಅಂಬರೀಶನ ಬಳಿ ಬಂದಳು. ಅವನು ಬೈಗುಳಕ್ಕೆ ಸಿದ್ಧನಾಗಿ ಕೂತ. ಬೈದರೆ ಹಗುರಾದೀತು ಎಂದೂ ಅನ್ನಿಸಿತ್ತು.

ಶಾಂಭವಿಯ ಮುಖದಲ್ಲಿ ನಗುವಿತ್ತು. "ಸರ್, ಆ ದೋಣಿ ಕಟ್ಟೀದು ನಿಮಗೂ ಬಂತಂತಲ್ರಿ. ಬಿದ್ದನಂತಲ್ರಿ ಅಂವಾ."

ಅಂಬರೀಶ ತಲೆಯಾಡಿಸಿದ.

"ಭಾಳ ಸಮಾಧಾನ ಆತ್ರಿ ನನಗ. ನಿನ್ನೆ ಮನ್ಯಾಗ ನಮ್ಮನೆಯವರಿಗೂ ಹೇಳಿದೆ. ಇಷ್ಟ ತಿಂಗಳ ನನ್ನ ಕಣ್ಣಿಗೇ ಏನೋ ಆಗೇತಿ ಅನಕೊಂಡಿದ್ದೆ ಸರ್. ಕಣ್ಣಿನ ದವಾಖಾನಿಗೂ ಹೋಗಿ ಬಂದಿದ್ದೆ. ಏನಿಲ್ಲ ಚಲೋ ಐತಿ ಅಂದ್ರು, ಆದ್ರೂ ನಂಬಿಕಿ ಬರ್ಲಿಲ್ಲ. ಕೆಲಸ ಹೋದ್ರ ಹೋತು, ಇನ್ನೊಂದ ಸಿಗತೈತಿ. ಕಣ್ಣು ಚಲೋ ಐತೆಲ್ಲ, ಅಷ್ಟ ಸಾಕು."

ಇವಳು ಕೋಪಿಸಿಕೊಂಡಿದ್ದರೆ ಅಂಬರೀಶ ಸುಮ್ಮನಿದ್ದುಬಿಡುತ್ತಿದ್ದನೋ ಏನೋ. ಈ ಸಮಾಧಾನವನ್ನು ಅವನಿಂದ ತಡೆಯಲಾಗಲಿಲ್ಲ.

"ಅದು ನಂಗೆ ಸಿಕ್ಕಿದ್ದಲ್ಲ ಶಾಂಭವಿ ಅವ್ರೇ," ಅಂದ. ಪಟ್ಟಿ ಕಟ್ಟಿದ ಬೆರಳು ಎತ್ತಿ ತೋರಿಸಿದ. ಗುರಾಣಿ, ಕಂದೀಲು, ಬೆರಳಿನ ರೂಢಿ, ಎಲ್ಲ ಹೇಳಿದ. ಹೊಸ ರಿಪೋರ್ಟ್ ಬರೆದದ್ದನ್ನೂ ಹೇಳಿದ. "ನಿಮ್ದೇ ಅದು. ಮೂರ್ ಸಲ ಬರ್ದಿದ್ರಿ. ಮೂರ್ ಸಲಾನೂ ನಾನೇ ಮುಚ್ಚಿದ್ದು. ಬೇರೆಯವೂ ಹಂಗೇ ಇರ್ಬೋದು, ಯಾವ್ದೂ ಸುಳ್ಳಲ್ದೇ ಇರ್ಬೋದು."

ಶಾಂಭವಿಯ ನಗು ಹೋಯಿತು. ಕೈಯಲ್ಲಿದ್ದ ಲಕೋಟೆಯನ್ನು ಒಮ್ಮೆ ನೋಡಿಕೊಂಡಳು. "ಹಂಗಾರ ನನ್ನ ಯಾಕ ತಗದ್ರಿ ಸರ್?"

ಪಕ್ಕದ ಸೀಟಿನವರು ಕಿವಿಗೆ ಹಾಕಿಕೊಂಡಿದ್ದ ಹೆಡ್‌ಫೋನ್ ತೆಗೆದು ಕೇಳತೊಡಗಿದ್ದರು. ಅವಳು ಅಲ್ಲಿದ್ದ ಕುರ್ಚಿ ಎಳೆದು ಕೂತಳು. ದನಿಯಲ್ಲಿ ಸಿಟ್ಟಿರಲಿಲ್ಲ. ಕಾರ್ಖಾನೆಯ ಸಂಗತಿಯನ್ನು ತಿಳಿಯದವರಿಗೆ ತಿಳಿಸುವ ಹಾಗೆ ಹೇಳಿದಳು.

"ಪೀಣ್ಯದಾಗ ನಮ್ಮ ಕಡೆ ಗೇಜ್ ಅಂತ ಇರತಾವ್ರಿ, ಅಳತಿ ನೋಡೂವು. ತೂತಿನ್ಯಾಗ ಹಾಕಿ ನೋಡೂದು, ಹೊಕ್ಕರ ಪಾಸು, ಇಲ್ಲಂದ್ರ ಇಲ್ಲ. ಆರ ತಿಂಗಳಿಗೊಮ್ಮೆ ಆ ಗೇಜನ್ನ ಲ್ಯಾಬಿಗೆ ಕಳಸಬೇಕ್ರಿ. ದಿನಾ ತಿಕ್ಕಿ ತಿಕ್ಕಿ ಅದೂ ಸವದಿರತೈತಿ. ಸವದ ಗೇಜು ಕೆಟ್ಟ ಮಾಲನ್ನೂ ಪಾಸ್ ಮಾಡತೈತಿ ಸರ್. ನೋಡಾಕ ಹಂಗ ಇರತೈತಿ, ಗೊತ್ತ ಆಗಂಗಿಲ್ಲ. ಅದರದೇನೂ ತಪ್ಪಿಲ್ಲ. ಭಾಳ ದಿನ ದುಡದಿರತೈತಿ, ಅಷ್ಟ."

ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಅಂಬರೀಶ ಎದ್ದು ಇನ್ನೊಂದು ಕುರ್ಚಿ ಎಳೆದ. "ಬಸ್ಸು ಸ್ವಲ್ಪ ಲೇಟಾಗ್ಲಿ, ಪರ್ವಾಗಿಲ್ವಾ? ನೋಟ್‌ಬುಕ್ ತೆಗೀರಿ."

ಅವಳ ನೋಟುಬುಕ್ಕಿನಲ್ಲಿ ವಾಪಸಾದವು ಮೂವತ್ತೊಂದು ಇದ್ದವು. ಎಲ್ಲಿ, ಯಾವ ಬಟನ್, ಎಷ್ಟು ಸಲ ಎಂದು ದುಂಡನೆಯ ಅಕ್ಷರದಲ್ಲಿ ಬರೆದುಕೊಂಡಿದ್ದಳು. ಅವಳು ಓದಿದಳು, ಅವನು ಪಟ್ಟಿಯ ಬೆರಳು ಹೊರಗೆ ಚಾಚಿಕೊಂಡು ಆಡಿದ. ಮೆಟ್ಟಿಲು ಹತ್ತಿಸಿದ, ಕಾರ್ವೆನ್ ಗೋಡೆಯೊಳಗೆ ಹೊಕ್ಕ. ಬಾಗಿಲು ದಾಟಿಸಿದ, ಗಾಳಿಯಲ್ಲಿ ನಿಂತುಬಿಟ್ಟ. ಹನ್ನೊಂದು ವರ್ಷ ಮಡಿಲಲ್ಲಿಟ್ಟುಕೊಂಡಂತಿದ್ದ ಲೋಕ ಒಂದೊಂದೇ ಕಡೆ ಅವನ ಕೈಕೆಳಗೆ ಕುಸಿಯುತ್ತ ಬಂತು. ಆರೂಮುಕ್ಕಾಲಿಗೆ ಮುಗಿಯಿತು. ಮೂವತ್ತೊಂದರಲ್ಲಿ ಹತ್ತೊಂಬತ್ತು ನಿಜ.

ಹಳೆಯ ಐದು ಭಾಗಗಳಲ್ಲಿ ಇವನು ಎಷ್ಟನ್ನು ಹೀಗೆ ದಾಟಿಸಿ ಬಿಟ್ಟಿರಬಹುದು, ಎಷ್ಟು ಜನರ ರಿಪೋರ್ಟ್ ಮುಚ್ಚಿರಬಹುದು, ಯಾರ್ಯಾರು ತಮಗೆ ಕೈ ಬರುವುದಿಲ್ಲ ಎಂದುಕೊಂಡು ಹೋಗಿರಬಹುದು? ಅದನ್ನು ಈಗ ಯಾರೂ ಹೇಳಲಾರರು. ಅಂಬರೀಶ ಆ ಹತ್ತೊಂಬತ್ತನ್ನೂ ಹಳೆಯ ದಾರಿಯಲ್ಲೇ ಮತ್ತೆ ತೆರೆದ. ಬರೆದವರು ಶಾಂಭವಿ, ಮುಚ್ಚಿದವರು ಅಂಬರೀಶ್ ಎಂದು ಹತ್ತೊಂಬತ್ತು ಕಡೆಯೂ ಕಂಡಿತು. ಬುಧವಾರ ತಾನು ಬರೆದದ್ದನ್ನು ಅಳಿಸಿದ. ಕಾರಣ ಅನ್ನುವ ಕಡೆ, ನನ್ನ ಬೆರಳಿನ ಹಳೆಯ ರೂಢಿಯಿಂದ ದೋಷ ನನಗೆ ಕಾಣಲಿಲ್ಲ, ಇವರು ಹೇಳಿದ್ದನ್ನು ನಾನು ನಂಬಲಿಲ್ಲ ಎಂದು ಬರೆದು ಪ್ರಿಯಾಂಕಾಗೂ ಕ್ಲೈಂಟಿಗೂ ಕಳಿಸಿದ.

ಪ್ರಿಯಾಂಕಾ ಅದನ್ನು ತನ್ನ ಕ್ಯಾಬಿನ್ನಿನಲ್ಲಿ ಓದಿ ಹೊರಗೆ ಬಂದಳು. ಇಬ್ಬರನ್ನೂ ನೋಡಿದಳು. "ಅಂಬರೀಶ್, ಲೆಟರ್ ಕೊಟ್ಟಾಗಿದೆ. ಆರೇ ಜನ ಅಂದಿದಾರೆ. ನಾನೇನ್ ಮಾಡ್ಲಿ ಹೇಳಿ?" ಅಂದಳು, ಒಡೆದ ದನಿಯಲ್ಲಿ.

"ಆರು ಅಂದ್ರೆ ಆರೇ ಇರ್ಲಿ. ಅವ್ರು ಇರ್ಲಿ. ನನ್ನ ಬೇರೆ ಕಡೆ ಹಾಕಿ."

ಇದನ್ನು ತ್ಯಾಗ ಅನ್ನಲು ನನಗೆ ಮನಸ್ಸಿಲ್ಲ. ಅರ್ಧ ನಾಚಿಕೆ, ಇನ್ನರ್ಧ ಸುಸ್ತು. ಮನೆಗೆ ಹೋಗಿ ಮಲಗಿದರೆ ಸಾಕು ಅನ್ನಿಸಿದ್ದ ಮನುಷ್ಯನ ಮಾತು ಅದು. ಆದರೂ ಹೇಳಿದ್ದು ಹೇಳಿದ್ದೇ.

ಸೋಮವಾರ ಕ್ಲೈಂಟಿನ ಉತ್ತರ ಬಂತು. ಮುಚ್ಚುಮರೆಯಿಲ್ಲದೆ ತಿಳಿಸಿದ್ದಕ್ಕೆ ಧನ್ಯವಾದಗಳು, ಶಾಂಭವಿಯವರನ್ನು ದಯವಿಟ್ಟು ಉಳಿಸಿಕೊಳ್ಳಿ, ಹಳೆಯ ಭಾಗಗಳನ್ನು ಆಡಿದವರನ್ನು ಆರನೆಯದರಿಂದ ದೂರವಿಡುವುದು ಒಳ್ಳೆಯದು. ಮೂರೇ ಸಾಲು, ಎಲ್ಲ ಮರ್ಯಾದೆಯ ಮಾತು. ಅಂಬರೀಶನನ್ನು ಎಲೆಕ್ಟ್ರಾನಿಕ್ ಸಿಟಿಯ ಆಫೀಸಿಗೆ ಕಳಿಸಿದರು. ಅಲ್ಲಿ ಮೊಬೈಲಿನಲ್ಲಿ ಆಡುವ ಇಸ್ಪೀಟು ಗೇಮುಗಳ ಕೆಲಸ. ಲೀಡ್ ಅಲ್ಲ, ಬರೀ ಟೆಸ್ಟರ್. ಹೋಗಲು ಎರಡು ಗಂಟೆ, ಬರಲು ಎರಡು ಗಂಟೆ. ಶಾಂಭವಿಯ ಕೆಲಸ ಕಾಯಂ ಆಯಿತು. ಅವಳು ಒಮ್ಮೆ ಫೋನ್ ಮಾಡಿದಳು, ಊಟ ಆತೇನ್ರಿ ಎಂದು ಕೇಳಿದಳು. ಆಯ್ತು, ನಿಮ್ದು ಅಂದ ಅವನು; ಮಾತು ಅಷ್ಟಕ್ಕೇ ಮುಗಿಯಿತು.

ನವೆಂಬರಿನಲ್ಲಿ ಆರನೆಯ ಕಾರ್ವೆನ್ ಅಂಗಡಿಗಳಿಗೆ ಬಂದ. ಅದೇ ಎರಡು ಹೋಳು. ಒಬ್ಬರು ಹತ್ತಕ್ಕೆ ಒಂಬತ್ತು ಕೊಟ್ಟರೆ ಇನ್ನೊಬ್ಬರು ನಾಲ್ಕು. ನದಿಯನ್ನು ಹೊಗಳಿದವರೇ ಕಥೆ ಎಳೆದಾಡಿದೆ ಅಂದರು. ಹೊಡೆದಾಟವಿಲ್ಲ ಎಂದು ಬೈದವರೇ ಕೊನೆಗೆ ಅತ್ತೆವು ಅಂದರು. ಹಲಗೆಯೊಳಗೆ ಬಿದ್ದೆವು ಎಂದು ಮಾತ್ರ ಯಾರೂ ಅನ್ನಲಿಲ್ಲ. ತಯಾರಕರು ಗೆದ್ದೆವೋ ಸೋತೆವೋ ತಿಳಿಯದೆ ಏಳನೆಯದರ ಮಾತನ್ನು ಮುಂದಕ್ಕೆ ಹಾಕಿದರು.

ಒಂದು ಭಾನುವಾರ ಅಂಬರೀಶ ವೈಟ್‌ಫೀಲ್ಡಿನ ಮಾಲಿನಲ್ಲಿ ತಾಯಿಗೆ ಚಪ್ಪಲಿ ಕೊಡಿಸಿ, ಅವರು ಕೂತು ಕಾಲು ಸುಧಾರಿಸಿಕೊಳ್ಳುತ್ತಿದ್ದಾಗ ಪಕ್ಕದ ಗೇಮಿನ ಅಂಗಡಿಗೆ ಹೋದ. ಆರನೆಯ ಕಾರ್ವೆನ್ ಸಾಲಾಗಿ ಜೋಡಿಸಿಟ್ಟಿತ್ತು. ಮುಖಪುಟದಲ್ಲಿ ಅದೇ ಮುದುಕ, ಅದೇ ಕಂದೀಲು. ಅವನು ಒಂದು ಡಬ್ಬಿಯನ್ನು ತೆಗೆದು ಹಿಂದೆ ಮುಂದೆ ನೋಡುತ್ತಿದ್ದುದನ್ನು ಕಂಡು, ಪಕ್ಕದಲ್ಲಿ ನಿಂತಿದ್ದ ಕನ್ನಡಕದ ಗಿರಾಕಿಯೊಬ್ಬ ಕೇಳಿದ:

"ಆಡಿದೀರಾ ಸಾರ್? ಹೇಗಿದೆ ಇದು? ಒಬ್ಬೊಬ್ರು ಒಂದೊಂದ್ ಥರ ಹೇಳ್ತಾರೆ. ತಗೋಬೋದಾ?"

ಹನ್ನೊಂದು ವರ್ಷದಲ್ಲಿ ಕಾರ್ವೆನ್ ಹೇಗಿದೆ ಎಂದು ಅಂಬರೀಶನನ್ನು ಕೇಳಿದ ಮೊದಲ ಮನುಷ್ಯ ಇವನು. ಇದು ಕಾರ್ವೆನ್ ಅಲ್ಲ ಅನ್ನುವ ಮಾತು ನಾಲಿಗೆಯ ತುದಿಗೆ ಬಂತು. ಅಲ್ಲೇ ನಿಂತಿತು. ಎಡಗೈ ತೋರುಬೆರಳಲ್ಲಿ ಹೊಸ ಉಗುರು ಬಂದಿತ್ತು. ಅವನು ಡಬ್ಬಿಯನ್ನು ಆ ಮನುಷ್ಯನ ಕೈಗೆ ಕೊಟ್ಟ.

"ನಂಗೆ ಗೊತ್ತಾಗಲ್ಲ ಸಾರ್," ಅಂದ. "ನಾನು ಹಳೇದನ್ನ ಜಾಸ್ತಿ ಆಡ್ಬಿಟ್ಟಿದೀನಿ. ನೀವೇ ಆಡಿ ನೋಡಿ."